ಅವ್ವನ ಮಂಚದ ಮೇಲಿನ ದೀಪ

ಮತ್ತೆ ಮಿಣುಕಿತು, ಮಿಣುಕಿ ಮಂಕಾಯಿತು, ಸುಣ್ಣ ಕಲಸಿದ ನೀರಿನ ಬಣ್ಣ, ಅದೂ ಇಲ್ಲಿ, ಸರಿಯಾಗಿ ಅವ್ವನ ಮಂಚದ ಮೇಲೆಯೇ — ಮುಂದೆ ಡ್ರೈವರ್ ಸೀಟಿನ ಹಿಂದೆ ಅದೇ ಎಲ್‌ಇಡಿ ಪಟ್ಟಿ ಮದುವೆ ಮನೆಯಂತೆ ಝಗಮಗ, ಹಿಂದಕ್ಕೆ ಬರುತ್ತ ಬರುತ್ತ ಜೀವ ಬಿಡುತ್ತದೆ, ಪರದೆಗಳನ್ನೆಲ್ಲ ಎಳೆದು ಅಂಗಾತ ಮಲಗಿ ಮಂಚ, ಒಲೆ ಇಟ್ಟು ಮನೆ ಮಾಡಿಕೊಂಡ ನಮ್ಮ ಹಳೇ ಟೆಂಪೊದ ಚಾವಣಿ ನೋಡುತ್ತಿದ್ದೇನೆ, ಹೊರಗೆ ಶಹಾಪುರದ ಮಧ್ಯಾಹ್ನ, ಒಳಗೆ ನಾನು ಬೇಯುತ್ತಿದ್ದೇನೆ. ಹೊತ್ತು ಮುಳುಗುವುದರೊಳಗೆ ಹೊರಡಬೇಕು, ನಾಗಪುರಕ್ಕೆ, ದೀಕ್ಷಾಭೂಮಿಗೆ, ಅವ್ವನನ್ನು ಕರೆದುಕೊಂಡು, ಆದರೆ ಅವ್ವ ಬೆಳಗ್ಗೆ ಈ ದೀಪ ನೋಡಿದವಳೇ ಕೆಳಗಿಳಿದು ಅಂಗಳದಲ್ಲಿ ಕೂತುಬಿಟ್ಟಿದ್ದಾಳೆ, ನಂಗ ಈ ಬೆಳಕಿನಾಗ ಏನೂ ಕಾಣಂಗಿಲ್ಲವ್ವ ದೇವಕಿ, ರಾತ್ರಿ ಎದ್ದು ಎಡವಿ ಬಿದ್ದೆ ಅಂದ್ರ ನಿಮ್ ಯಾತ್ರಾನೂ ಕೆಡ್ತದ, ನೀವ್ ಗಂಡ ಹೆಂಡ್ತಿ ಹೋಗಿ ಬರ್ರಿ, ನಾ ಮನ್ಯಾಗ ಇರ್ತೀನಿ. ಮನೆಯಲ್ಲಿ ಇರುತ್ತಾಳಂತೆ. ಈ ಗಾಡಿ ಕೊಂಡದ್ದು ಯಾರಿಗೆ, ಮಂಚ ಹೊಡೆಸಿದ್ದು ಯಾರಿಗೆ, ವರ್ಷ ವರ್ಷ ಯಾದಗಿರಿ ಸ್ಟೇಷನ್ನಿನಲ್ಲಿ ಜನರಲ್ ಡಬ್ಬಿಗೆ ಮುಗಿಬಿದ್ದು, ಬಾಗಿಲ ಹತ್ತಿರ ಗಂಟಿನ ಮೇಲೆ ಕೂತು ಹೋದವಳು ಒಂದು ಸಲವಾದರೂ ಕಾಲು ಚಾಚಿ ಮಲಗಿಕೊಂಡು ಹೋಗಲಿ ಅಂತ ತಾನೇ, ಅವಳಿಲ್ಲದೆ ಹೋಗುವುದಾದರೆ ಈ ಗಾಡಿಯನ್ನು ಕೋಳಿ ಗೂಡು ಮಾಡಬಹುದು.

ಪರದೆ ಸರಿಯಿತು, ನಮ್ಮವರ ಮುಖ, ಚಂದ್ರಾಮಪ್ಪನವರ ಮುಖ, ನಗುವನ್ನು ಮೀಸೆಯ ಕೆಳಗೆ ಅಡಗಿಸಿಕೊಂಡು, ಏನ್ರಿ ಟೀಚರಮ್ಮ, ಸುರಪುರದ ದಸ್ತಗೀರಸಾಬಗ ಫೋನ್ ಹಚ್ಚಲೇನು, ತಾಸಿನಾಗ ಬಂದು ಮಾಡಿ ಹೋಗ್ತಾನ. ಹಚ್ಚಬ್ಯಾಡ್ರಿ. ಅಲ್ಲ, ಹೊತ್ತಾಗಾಕತ್ತದ. ಹಚ್ಚಬ್ಯಾಡ್ರಿ ಅಂದೆ. ಎಲೆಕ್ಟ್ರಿಷಿಯನ್ ದಸ್ತಗೀರಸಾಬ ಒಳ್ಳೆಯವನೇ, ಕೈ ಚುರುಕು, ಆದರೆ ಈ ಗಾಡಿಯ ಒಂದೊಂದು ತಂತಿಯೂ ನನ್ನ ಕೈಯದು, ಬ್ಯಾಟರಿ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ತಾಳಿಯ ಜೊತೆ ಕಟ್ಟಿಕೊಂಡಿದ್ದೇನೆ, ಯಾರೂ ಮುಟ್ಟಬಾರದು ಅಂತ, ಜಂಬವೇ, ಹೌದು, ಇರಲಿ, ಹೈಸ್ಕೂಲಿನಲ್ಲಿ ವಿದ್ಯುತ್ ಮಂಡಲದ ಪಾಠ ಮಾಡುತ್ತಲೇ ಕೂದಲು ಬೆಳ್ಳಗಾದವಳು ನಾನು, ಬಾಲಮ್ಮನ ಮಗಳು, ಕಾಲುವೆ ಅಗೆಯುವಾಗ ಬುಟ್ಟಿಯಲ್ಲಿ ಮಣ್ಣು ಹೊತ್ತ ಬಾಲಮ್ಮನ ಮಗಳು, ನನಗೆ ಜಂಬ ಇರದೆ ಇನ್ಯಾರಿಗೆ ಇರಬೇಕು. ಸರಿ, ಏಳು, ಒಂದೊಂದೇ ನೋಡು. ಬ್ಯಾಟರಿ — ಮೀಟರ್ ಹಚ್ಚಿದೆ, ಹನ್ನೆರಡೂವರೆ ವೋಲ್ಟ್ ತೋರಿಸುತ್ತದೆ, ಗಟ್ಟಿ. ಸ್ವಿಚ್ಚು — ಗಟ್ಟಿ. ಹಾಗಾದರೆ ಈ ಹಿಂದಿನ ಪಟ್ಟಿಯೇ ಕೆಟ್ಟದ್ದು, ಯಾದಗಿರಿ ಅಂಗಡಿಯವನು ಹಳೇ ಮಾಲು ಕೊಟ್ಟು ಕೈ ತೊಳೆದುಕೊಂಡ, ಅಂತ ಅವನಿಗೆ ಮನಸ್ಸಿನಲ್ಲೇ ಬೈಯುತ್ತ ಅಂಟು ಬಿಡಿಸಿ, ಸುರುಳಿ ಸುತ್ತಿ ತಂದು ನೇರ ಬ್ಯಾಟರಿಗೆ ಮುಟ್ಟಿಸಿದರೆ — ಅಬ್ಬ, ಕಣ್ಣು ಮುಚ್ಚಿಕೊಂಡೆ, ಅಷ್ಟು ಬೆಳಕು, ಅಂಗಡಿಯವನದೇನೂ ತಪ್ಪಿಲ್ಲ, ಬೈದದ್ದನ್ನೆಲ್ಲ ವಾಪಸ್ಸು ತಗೊಂಡೆ. ಪಟ್ಟಿ ಒಳ್ಳೆಯದು, ಬ್ಯಾಟರಿ ಒಳ್ಳೆಯದು, ನಡುವೆ ಎಲ್ಲೋ ಸೋರಿ ಹೋಗುತ್ತಿದೆ, ಪಟ್ಟಿಯನ್ನು ಮತ್ತೆ ಅದರ ಜಾಗಕ್ಕೇ ಜೋಡಿಸಿದೆ.

ನಡುವೆ ಸೋರಿ ಹೋಗುವುದು ನಮಗೇನು ಹೊಸದೇ, ಶಿರವಾಳದ ಆಚೆ ನಮ್ಮ ಹೊಲ, ಮರಿ ಕಾಲುವೆ ಮುಗಿಯುವ ಜಾಗದಲ್ಲಿ, ನಮ್ಮ ಕೇರಿಯವರ ಹೊಲಗಳೆಲ್ಲ ಅಲ್ಲೇ, ವಾರಾಬಂದಿಯ ಪ್ರಕಾರ ನಮಗೂ ನೀರಿನ ಸರದಿ ಬರುತ್ತಿತ್ತು, ನೀರು ಮಾತ್ರ ಬರುತ್ತಿರಲಿಲ್ಲ, ಮೇಲಿನ ಹೊಲದವರು ಒಡ್ಡು ಕೊರೆದು ಪೈಪು ಇಟ್ಟು ಎಳೆದುಕೊಂಡು ಬಿಡುತ್ತಿದ್ದರು, ಅಪ್ಪ ಖಂಡಪ್ಪ ಬದುವಿನ ಮೇಲೆ ಕೂತು ಒಣ ಕಾಲುವೆ ನೋಡುತ್ತಿದ್ದ, ಅವ್ವ ನೋಡುತ್ತ ಕೂರಲಿಲ್ಲ, ಸೀರೆ ಎತ್ತಿ ಕಟ್ಟಿ ಕಾಲುವೆಯ ಗುಂಟ ಮೇಲಕ್ಕೆ ನಡೆದಳು, ಹಿಂದೆ ನಾನು, ಸಿಕ್ಕ ಸಿಕ್ಕ ಪೈಪನ್ನೆಲ್ಲ ಕಿತ್ತು ಒಗೆದಳು, ತೂತಿಗೆ ಎರೆಮಣ್ಣು ಮೆತ್ತಿದಳು, ಒಬ್ಬ ಬಡಿಗೆ ಹಿಡಿದು ಬಂದ, ಯಾರ್ನ ಕೇಳಿ ಕೀಳಾಕತ್ತೀ, ಅವ್ವ ಅವನ ಮುಖ ಕೂಡ ನೋಡದೆ, ಇದರ ಮಣ್ಣು ಹೊತ್ತಾಕಿ ನಾ, ನೀ ಯಾರ್ನ ಕೇಳಿ ಇಟ್ಟಿ. ಆ ವರ್ಷ ನಮ್ಮ ಶೇಂಗಾ ಹೊಲ ಹೊಟ್ಟೆ ತುಂಬ ನೀರು ಕುಡಿಯಿತು. ಹಾಗಾದರೆ ನಡಿ ದೇವಕಿ, ತಂತಿಯ ಗುಂಟ ನಡಿ, ಬೆರಳು ಸರಿಸುತ್ತ, ಸ್ವಿಚ್ಚಿನಿಂದ ಕಿಟಕಿ, ಕಿಟಕಿಯಿಂದ ಕಪಾಟು, ಗ್ಯಾಸ್ ಒಲೆಯ ಹಲಗೆ, ಅದರ ಹಿಂದೆ ಎರಡು ಪಟ್ಟಿ ಕೂಡುವ ಬೆಸುಗೆ — ಇದೇನಿದು. ಕಪ್ಪು ಟೇಪು. ನಾನು ಹಾಕಿದ್ದಲ್ಲ. ಟೇಪಿನೊಳಗಿಂದ ಎರಡು ಎಳೆ ತಂತಿ, ಸುಮ್ಮನೆ ತಿರುವಿ ಸಿಕ್ಕಿಸಿದ್ದು, ಮುಟ್ಟಿದರೆ ದೀಪ ಮಿಣಕ್ ಅನ್ನುತ್ತದೆ, ಎಳೆಯುತ್ತ ಹೋದರೆ ಮುಂದೆ, ನಮ್ಮವರ ಸೀಟಿನ ಎದುರಿಗೆ, ಬೆಳಗ್ಗೆಯಿಂದ ಗಿರ್ರೆಂದು ತಿರುಗುತ್ತಿರುವ ಫ್ಯಾನು, ಗಾಡಿಯ ಜೊತೆಗೇ ಬಂದದ್ದು ಅಂದುಕೊಂಡಿದ್ದೆ.

ರೀ. ಏನ್. ಬರ್ರಿ ಇಲ್ಲಿ. ಬಂದು ನಿಂತರು, ಟೇಪು ನೋಡಿದರು, ಮೀಸೆಯ ಕೆಳಗಿನ ನಗು ಮಾಯ, ಒಂದ್ ಸಣ್ಣ ಫ್ಯಾನ್ ಅಷ್ಟ ಅಲ್ಲೇನು, ಪೆಟಿಗಿ ಕೀಲಿ ನೀ ಕೊಡ್ತಿದ್ದಿಲ್ಲ, ತಂತಿ ಹಾದಿ ಮ್ಯಾಲ ಇತ್ತು, ಹಚ್ಚಿಕೊಂಡೆ. ಹಾದಿಯ ಮೇಲಿತ್ತಂತೆ, ಹಚ್ಚಿಕೊಂಡರಂತೆ, ಇವರು ಹುಣಸಗಿ ಕಡೆಯವರು, ತೂಬಿನ ಬುಡದಲ್ಲೇ ಹೊಲ, ಹುಟ್ಟಿದಾಗಿನಿಂದ ನೀರಿನ ಬರ ಕಂಡವರಲ್ಲ, ಹರಿಯುವುದು ಕಂಡರೆ ಪೈಪು ಇಡುವುದು ಇವರ ರಕ್ತದಲ್ಲೇ ಇದೆ, ಸಿಟ್ಟು ಬರಬೇಕಿತ್ತು, ನಗು ಬಂತು, ಮ್ಯಾಲಿನ ಹೊಲದವ್ರ ಬುದ್ಧಿ ಬಿಡಲಿಲ್ಲಲ್ರಿ ನೀವು, ಅಂದೆ, ಅವರೂ ನಕ್ಕರು, ಆ ಎಳೆ ತಂತಿ ಕಿತ್ತೆ, ಮಿಣುಕುವುದು ನಿಂತಿತು, ಆದರೆ ಮಂಕು ಪೂರ್ತಿ ಹೋಗಲಿಲ್ಲ, ಅಷ್ಟು ದೂರ ಆ ಸಣ್ಣ ಪಟ್ಟಿಯೊಳಗೇ ಹರಿದು ಬರಬೇಕಲ್ಲ, ಬರುತ್ತ ಬರುತ್ತ ಇಂಗಿಯೇ ಇಂಗುತ್ತದೆ. ಯಾಕೆ ಮುಂದಿನಿಂದಲೇ ಶುರುವಾಗಬೇಕು, ಎಲ್ಲ ಕಾಲುವೆಯೂ ಮೇಲಿನವರ ಕಡೆಯಿಂದಲೇ ಯಾಕೆ ಹೊರಡಬೇಕು — ಬ್ಯಾಟರಿಯಿಂದ ದಪ್ಪ ತಂತಿ, ನೆಲದ ಹಾಸಿನ ಕೆಳಗೆ, ಎಲ್ಲೂ ನಿಲ್ಲದೆ ನೇರ ಹಿಂದಕ್ಕೆ, ಅವ್ವನ ಮಂಚಕ್ಕೆ, ಅಲ್ಲಿಂದ ಪಟ್ಟಿ ಶುರು, ಅವ್ವನಿಗೆ ಮೊದಲು, ಆಮೇಲೆ ಒಲೆ, ಆಮೇಲೆ ಮುಂದೆ. ಅಂದ್ರ ಇನ್ನ ಮ್ಯಾಲ ನಾ ಕಡೀ ಹೊಲದಾಂವ. ಹೌದ್ರಿ. ಮತ್ತ ನನ್ನ ಫ್ಯಾನು. ಸರದಿ ಬಂದಾಗ ನೋಡೋಣು. ಬೆವರು ಕಣ್ಣಿಗೆ ಇಳಿಯುತ್ತದೆ, ತಂತಿ ಸುಲಿದೆ, ಬೆಸೆದೆ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಸ್ವಿಚ್ಚು ಒತ್ತಿದೆ.

ಅವ್ವ, ಹತ್ತು. ಹತ್ತಿದಳು, ಅಳಿಯನ ಕೈ ಹಿಡಿಯದೆ, ಹಾದಿಯಲ್ಲಿ ಒಲೆ ನೋಡಲಿಲ್ಲ, ಕಪಾಟು ನೋಡಲಿಲ್ಲ, ಸೀದಾ ಹಿಂದಕ್ಕೆ ಹೋಗಿ ಮಂಚದ ಮೇಲೆ ಕೂತಳು, ಚಾವಣಿಯ ಕಡೆ ಒಂದು ಸಲ ಮುಖ ಎತ್ತಿದಳು, ಇಷ್ಟು ವರ್ಷ ಮಕ್ಕಳ ಪರೀಕ್ಷೆ ಮಾಡಿದವಳು ಇವತ್ತು ಫಲಿತಾಂಶಕ್ಕೆ ಕಾಯುತ್ತಿದ್ದೇನೆ, ಅವ್ವ ಗಂಟಿನಿಂದ ಅರ್ಧ ಹೊಲಿದ ಕೌದಿ ತೆಗೆದಳು, ಸೂಜಿ ತೆಗೆದಳು, ಕೆಂಪು ದಾರ, ಕಣ್ಣಿನ ಆಪರೇಷನ್ ಆದಾಗಿನಿಂದ ದಾರ ಪೋಣಿಸಲು ನನ್ನನ್ನೇ ಕರೆಯುತ್ತಾಳೆ, ಬಾಗಿಲಲ್ಲೇ ಕೂತರೂ, ಹಗಲೇ ಆದರೂ, ನಾನು ಕೈ ಚಾಚಿದೆ, ಅವ್ವ ಕೊಡಲಿಲ್ಲ, ದಾರದ ತುದಿ ನಾಲಿಗೆಗೆ ಹಚ್ಚಿ ಹೊಸೆದಳು, ಸೂಜಿಯನ್ನು ಬೆಳಕಿಗೆ ಹಿಡಿದಳು, ನನ್ನ ಬೆಳಕಿಗೆ, ಹೆಮ್ಮೆಯಿಂದ ಎದೆ ತುಂಬಿ ಬಂತು, ಹಿಂದೆ ನಮ್ಮವರು ಏನೋ ಅನ್ನುತ್ತಿದ್ದಾರೆ, ಹೊರಡೋಣೇನು ಅತ್ತೀ, ಕೇಳಿಸಿಯೂ ಕೇಳಿಸದು, ಕೆಂಪು ದಾರ, ಸೂಜಿಯ ಈಚೆ ಇತ್ತು, ಈಗ ಆಚೆ, ಅವ್ವನ ಬೆರಳ ನಡುವೆ ಮೆಲ್ಲಗೆ ಉದ್ದವಾಗುತ್ತ, ಕೆಂಪು ದಾರ, ಒಂದೇ ಸಲಕ್ಕೆ, ಕೆಂಪು ದಾರ —