ಅಮೂಲ್ಯಾ ದಾಟಿಸದ ಮಾತು

ವೆರಿಬೀ ಎಂಬ ಪರದೇಶದ ಊರಿನ ಸಮುದಾಯ ಭವನದಲ್ಲಿ ಶನಿವಾರದ ಎರಡು ಭಾಷೆಯ ಕೂಟವನ್ನು ಮೊದಲು ಶುರು ಮಾಡಿದ್ದು ಕೊಲಂಬಿಯಾದ ಮರಿಸೋಲ್, ತನ್ನ ಸ್ಪ್ಯಾನಿಶ್ ಮಂದಿಗಾಗಿ. ಇಂಗ್ಲಿಷಿಗೆ ಹೊರಳಿದ ಮಕ್ಕಳನ್ನೂ ಅದು ಬಾರದ ಹಿರಿಯರನ್ನೂ ಎದುರುಬದುರು ಕೂರಿಸುವುದು, ನಡುವೆ ಒಬ್ಬರು ಮಾತು ದಾಟಿಸುವುದು. ಕನ್ನಡದವರಿಗೂ ಒಂದು ಮೇಜು ಹಾಕಿದಾಗ, ಅದೇ ನಗರದ ಕ್ಲೇಟನ್ನಿನಲ್ಲಿ ಡಿಗ್ರಿ ಮುಗಿಸಿದ್ದ ಅಮೂಲ್ಯಾಳಿಗೆ ಮರಿಸೋಲ್ ಹೇಳಿಕೊಟ್ಟ ನಿಯಮ ಒಂದೇ: ಏನನ್ನೂ ಸೇರಿಸಬೇಡ, ಏನನ್ನೂ ಬಿಡಬೇಡ. ಸ್ವಂತ ಮಾತೇ ಕಡಿಮೆಯಿದ್ದ ಅಮೂಲ್ಯಾಳಿಗೆ ಇದು ಸುಲಭವೆನ್ನಿಸಿತ್ತು.

ಧಾರವಾಡದ ರತ್ನವ್ವನ ವೀಸಾ ಮುಗಿಯಲು ಹತ್ತೇ ದಿನವಿತ್ತು. ಮೊಮ್ಮಗಳು ಗಗನಾ ಶಾಲೆಯ ನಾಟಕದಲ್ಲಿ ಕುಣಿಯುವುದನ್ನು ನೋಡಿ ಹೋಗಬೇಕೆಂಬುದೊಂದೇ ಆಸೆ.

"ಕೇಳವ್ವಾ, ನಾ ಬರ್ಲೇನು ಅಂತ," ಎಂದಳು ಅಮೂಲ್ಯಾಳಿಗೆ.

ಎದುರು ಕೂತಿದ್ದ ಗಗನಾ ಮೇಜನ್ನೇ ನೋಡುತ್ತ ಅಂದಳು, "ನೋ. ಶೀ ಟಾಕ್ಸ್ ಸೋ ಲೌಡ್. ಐಲ್ ಬಿ ಎಂಬ್ಯಾರಸ್ಡ್."

ರತ್ನವ್ವ ಮುಖ ಅರಳಿಸಿಕೊಂಡು ಕಾಯುತ್ತಿದ್ದಳು. ಅಮೂಲ್ಯಾ ಅವಳತ್ತ ತಿರುಗಿದಳು.

"ಟಿಕೆಟ್ ಸಿಗೋದು ಕಷ್ಟ ಅಂತಾಳೆ, ಅಜ್ಜಿ."

ಆಡಲು ಬಾರದಿದ್ದರೂ ಕನ್ನಡ ತಿಳಿಯುವ ಗಗನಾ ಚಕ್ಕನೆ ತಲೆಯೆತ್ತಿದಳು. ಮತ್ತೆ ಮೇಜಿನತ್ತ ಕಣ್ಣಿಳಿಸಿದಳು.

"ಅಷ್ಟ ಏನು! ನಿಂತ ನೋಡ್ತೀನಿ ತಗೋ. ನನ್ನ ಕಾಲೇನ್ ಸವದಾವ?" ಎಂದು ನಕ್ಕಳು ರತ್ನವ್ವ.

ಮುಂದಿನದು ಅಮೂಲ್ಯಾಳಿಗೆ ಮರುಶನಿವಾರ ರತ್ನವ್ವನ ಬಾಯಿಂದಲೇ ತಿಳಿಯಿತು. ಈಗ ಮೇಜಿನ ಮೇಲಿದ್ದ ಇದೇ ಶೇಂಗಾ ಉಂಡಿಯ ಡಬ್ಬಿ ಹಿಡಿದು ಒಬ್ಬಳೇ ಬಸ್ಸು ಹತ್ತಿದ್ದಳಂತೆ. ನಾಟಕ ಮುಗಿದು ಹುಡುಗಿಯರು ಹೊರಬಂದಾಗ "ಗಗನೀ!" ಎಂದು ಕೂಗಿದಳಂತೆ. ಗೆಳತಿಯರು ನಕ್ಕರು. ಗಗನಾ ಗುರುತಿಲ್ಲದವಳ ಹಾಗೆ ಮುಂದೆ ನಡೆದುಬಿಟ್ಟಳು.

"ಆಕಿ ಮೊದಲ ಬ್ಯಾಡ ಅಂದಿದ್ಲಂತಲ್ಲ, ನನ್ನ ಮಗ ಹೇಳಿದ. ಅವತ್ತ ನೀ ಖರೇ ಹೇಳಿದ್ರ ಮನ್ಯಾಗ ಕುಂತ ಅಳ್ತಿದ್ದೆ. ನೀ ಮುಚ್ಚಿಟ್ಟಿ. ನಾಕ ಮಂದ್ಯಾಗ ಅತ್ತೆನವ್ವಾ."

ಅಮೂಲ್ಯಾ ತಲೆಯೆತ್ತಲಿಲ್ಲ. ಎದುರಿಗಿದ್ದ ಗಗನಾ ತೋಳಿನಿಂದ ಕಣ್ಣೊರೆಸಿಕೊಂಡಳು.

"ಟೆಲ್ ಹರ್ ಐ ವಾಂಟೆಡ್ ಟು ಕಮ್ ಬ್ಯಾಕ್ ಟು ಹರ್."

ಈ ಸಲ ಅಮೂಲ್ಯಾ ಒಂದಕ್ಷರವನ್ನೂ ಬಿಡಲಿಲ್ಲ. "ವಾಪಸ್ ನಿಮ್ಮ ಹತ್ರ ಬರ್ಬೇಕು ಅನ್ನಿಸ್ತಂತೆ ಅಜ್ಜಿ, ಅವಳಿಗೆ."

ರತ್ನವ್ವ ಅಮೂಲ್ಯಾಳತ್ತ ತಿರುಗಿದಳು.

"ಇದನ್ನ ಆಕಿ ಅಂದ್ಲೋ, ನೀ ಅಂದಿಯೋ?"

ಅಮೂಲ್ಯಾ ಗಗನಾಳತ್ತ ನೋಡಿದಳು. "ಅಜ್ಜೀ..." ಎಂದು ಗಗನಾಳೇ ಬಾಯಿ ತೆರೆದಳು. ಅಲ್ಲಿಂದ ಮುಂದೆ ಅವಳಿಗೆ ಕನ್ನಡ ಬರಲಿಲ್ಲ. ರತ್ನವ್ವ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಅವಳ ಬಾಯನ್ನೇ ನೋಡುತ್ತ ಕೂತಿದ್ದಳು.