ಆ ಕಡೆಯ ಕನ್ನಡ

ದ್ರೌಪದಿ ಒಂಬತ್ತು ವರ್ಷದಿಂದ ನನ್ನ ಖಾನಾವಳಿಯಲ್ಲಿ ತರಕಾರಿ ಹೆಚ್ಚುತ್ತಾಳೆ. ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯ ಕಂಪನಿಗಳಿಗೆ ಮಧ್ಯಾಹ್ನ ನೂರಿಪ್ಪತ್ತು ಡಬ್ಬಿ ಹೋಗಬೇಕು. ಅವಳು ಒಂದು ದಿನ ಬಾರದಿದ್ದರೆ ನನಗೆ ಕೈಕಾಲು ಆಡುವುದಿಲ್ಲ. ಅವಳದು ರಾಯಚೂರು ಕಡೆ, ನನ್ನದು ಉಡುಪಿ. ಅವಳ ಗಂಡ ಹುಲಗಪ್ಪ ಲೋಡಿಂಗ್ ಕೆಲಸದವನು. ಭಾನುವಾರ ಮಾತ್ರ ಇಸ್ತ್ರಿ ಅಂಗಿ ತೊಟ್ಟು ಚಾಳಿನ ತನ್ನ ಒಂದೇ ಕೋಣೆಯ ಖೋಲಿಯಲ್ಲಿ ಪ್ರಾರ್ಥನೆ ನಡೆಸುತ್ತಿದ್ದ. ಹನ್ನೆರಡು ಹದಿನೈದು ಜನ, ಎಲ್ಲ ಅವರ ಕಡೆಯವರೇ. ದೊಡ್ಡ ಚರ್ಚಿನ ಇಂಗ್ಲಿಷ್, ಮರಾಠಿ ಪೂಜೆ ಅವರಿಗೆ ಅರ್ಥವಾಗುತ್ತಿರಲಿಲ್ಲ.

ನಾನು ಅವಳನ್ನು ಕೆಣಕುವುದಿತ್ತು. "ನಿನ್ನ ಯೇಸು ಈರುಳ್ಳಿ ಹೆಚ್ಚಲಿಕ್ಕೆ ಬರುದಿಲ್ವಾ ಮಾರಾಯ್ತಿ?"

"ಬರ್ತಾನ್ರೀ ಅಕ್ಕಾರ. ಅವಗ ಪಗಾರ ಯಾರು ಕೊಡ್ತಾರ? ನನಗ ಕೊಡಾಕ ಅಳತೀರಿ."

ಹೆಚ್ಚುತ್ತ ಹಾಡುತ್ತಿದ್ದಳು: 'ಕುರಿಮರಿ ರಕ್ತ ಸುರಿಸಿತೋ, ನನಗಾಗಿ ಬಲಿಯಾಯಿತೋ.' ಇದೇನು ಇಷ್ಟು ರಕ್ತ ಎಂದು ಒಮ್ಮೆ ಕೇಳಿದ್ದೆ.

"ಕುರಿಮರಿ ಅಂದ್ರ ಯೇಸಪ್ಪ. ನಮ್ಮ ಪಾಪಕ್ಕ ತಾನ ಸತ್ತ. ಇನ್ನ ಯಾರೂ ಯಾರನ್ನೂ ಕಡೀಬ್ಯಾಡ್ರಿ ಅಂತ," ಎಂದಿದ್ದಳು. ನನಗೆ ಅದು ಹಿಡಿಸಿತ್ತು.

ಚಪ್ಪಾಳೆಯ ಸದ್ದು ಜಾಸ್ತಿ ಎಂದು ಅಕ್ಕಪಕ್ಕದವರು ತಕರಾರು ಮಾಡಿದ ಮೇಲೆ ಹುಲಗಪ್ಪ ಕದ, ಕಿಟಕಿ ಮುಚ್ಚಿ ಪ್ರಾರ್ಥನೆ ಮಾಡತೊಡಗಿದ. ಅದೇ ಮುಳುವಾಯಿತು. ಮುಚ್ಚಿದ ಕದದ ಹಿಂದೆ ಏನೋ ನಡೆಯುತ್ತದೆ ಎಂದು ಜನ ಕಿವಿಗೊಡತೊಡಗಿದರು. ಆ ಭಾನುವಾರ ಮಲ್ಲಿಕಾ ಎಂಬ ಹೆಂಗಸು ಜ್ವರದ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಒಳಗೆ ಕೂಸು ಕಿರುಚುತ್ತಿದೆ, ಜೊತೆಗೆ ಈ ಹಾಡು. ರಕ್ತ, ಬಲಿ: ಮರಾಠಿಯಲ್ಲೂ ಹೆಚ್ಚುಕಡಿಮೆ ಅವೇ ಮಾತು. ಉಳಿದ ಕನ್ನಡ ಹೊರಗಿದ್ದವರಿಗೆ ತಿಳಿಯಲಿಲ್ಲ, ಆ ಎರಡು ಪದ ತಿಳಿದವು. ಕೂಸನ್ನು ಬಲಿ ಕೊಡುತ್ತಿದ್ದಾರೆ ಎಂದು ಗಲ್ಲಿಯೆಲ್ಲ ಸುದ್ದಿ ಹಬ್ಬಿತು. ಅರ್ಧ ಗಂಟೆಯಲ್ಲಿ ಕದ ಮುರಿದಿತ್ತು, ಹುಲಗಪ್ಪನ ಮೂಗಿನಿಂದ ನೆತ್ತರು ಸುರಿಯುತ್ತಿತ್ತು. ಕೂಸು ತಾಯಿಯ ಮಡಿಲಲ್ಲೇ ಇತ್ತು, ಆದರೂ ಪೊಲೀಸರು ಬಂದು ಅವನನ್ನೇ ಚೌಕಿಗೆ ಒಯ್ದರು.

ದ್ರೌಪದಿ ಓಡುತ್ತ ನನ್ನ ಬಾಗಿಲಿಗೆ ಬಂದಳು. "ಅಕ್ಕಾರ, ಹಾಡಿನ ಅರ್ಥ ಹೊರಗಿನವರು ಯಾರರ ಹೇಳಬೇಕಂತ. ನಾವು ಹೇಳಿದ್ರ ನಡೆಯಂಗಿಲ್ಲಂತ. ನೀವು ಬಂದು ಹೇಳ್ರಿ, ಬಿಡ್ತಾರ."

ಹೊರಟೆ. ಚೌಕಿಯ ಮುಂದೆ ಇನ್ನೂರು ಜನ ಸೇರಿದ್ದರು. ಎಲ್ಲರಿಗಿಂತ ಮುಂದೆ ಆಕಾಶ, ನಮ್ಮ ಗಲ್ಲಿಯ ಹುಡುಗರ ಮುಂದಾಳು. ಕೆಟ್ಟವನಲ್ಲ, ನನ್ನ ಗಂಡನಿಗೆ ಎದೆನೋವು ಬಂದ ದಿನ ಮೂರು ಮಹಡಿ ಹೊತ್ತು ಇಳಿಸಿದವನು ಅವನೇ. ಅವನಿಗೂ ಸಣ್ಣ ಕೂಸಿದೆ. ಹತ್ತಿರ ಬಂದು ಮೆಲ್ಲಗೆ ಹೇಳಿದ: "ಮಾವ್ಶಿ, ವಿಚಾರ್ ಕರೂನ್ ಬೋಲಾ. ಇಥೇಚ್ ರಾಹಾಯ್ಚಂ ಆಹೇ ನಾ?" ಚಿಕ್ಕಮ್ಮಾ, ಯೋಚಿಸಿ ಮಾತಾಡಿ, ನೀವು ಇಲ್ಲೇ ಇರಬೇಕಲ್ಲ ಎಂದು.

ಬೆಂಚಿನ ಮೇಲೆ ಕೂತಿದ್ದ ಹುಲಗಪ್ಪ ನನ್ನನ್ನು ಕಂಡದ್ದೇ ಎದ್ದು ನಿಂತ. ಮೂಗಿಗೆ ಹಿಡಿದ ಟವೆಲ್ ಕೆಳಗಿಳಿಸಿ ಕೈ ಮುಗಿದ. ಪೊಲೀಸ್ ಸಾಹೇಬರು ಮೊಬೈಲಿನಲ್ಲಿ ಹಾಡು ಹಾಕಿದರು. ಕದದ ಹೊರಗಿಂದ ಯಾರೋ ರೆಕಾರ್ಡ್ ಮಾಡಿದ್ದು, ಆದರೂ ಒಂದೊಂದು ಮಾತೂ ಸ್ಪಷ್ಟವಿತ್ತು.

"ಇಸ್ಕಾ ಮತ್ಲಬ್ ಕ್ಯಾ ಹೈ, ಮೌಸಿ?" ಎಂದು ಅದರ ಅರ್ಥ ಕೇಳಿದರು. ದನಿಯಲ್ಲಿ ಗದರಿಕೆ ಇರಲಿಲ್ಲ. ಅವರಿಗೂ ಇದು ಮುಗಿದರೆ ಸಾಕಿತ್ತು.

ಕಿಟಕಿಯಾಚೆ ಆಕಾಶ ನಿಂತಿದ್ದ. ನನಗೆ ನನ್ನ ಖಾನಾವಳಿ ಕಣ್ಣಮುಂದೆ ಬಂತು, ಅದರ ಮುಂದಿನ ಗಾಜು, ಸಾಲಾಗಿಟ್ಟ ಡಬ್ಬಿಗಳು.

"ಸಾಬ್, ಹಮ್ ತುಳು ಲೋಗ್," ಎಂದೆ. "ಯೇ ಉಧರ್ ಕಾ ಕನ್ನಡ ಹಮ್ಕೋ ಸಮಝ್ತಾ ನಹಿ." ನಾವು ತುಳುವರು, ಆ ಕಡೆಯ ಕನ್ನಡ ನಮಗೆ ತಿಳಿಯುವುದಿಲ್ಲ ಎಂದು.

ದ್ರೌಪದಿ ಪಕ್ಕದಲ್ಲೇ ಇದ್ದಳು. ನನ್ನ ಮುಖವನ್ನೇ ನೋಡುತ್ತಿದ್ದಳು, ಬೇರೆ ಯಾರದೋ ಬಾಗಿಲು ತಟ್ಟಿಬಿಟ್ಟೆನೋ ಎಂಬಂತೆ. ಹುಲಗಪ್ಪ ಮೆಲ್ಲಗೆ ಕೂತುಕೊಂಡ.

ಮನೆಯಲ್ಲಿ ನಾವು ಮಾತಾಡುವುದು ತುಳುವೇ ಅಲ್ಲವೇ, ಅದರಲ್ಲಿ ಸುಳ್ಳೇನು ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ. ಮನೆ ಮುಟ್ಟುವ ಮೊದಲೇ ಆ ಸಮಾಧಾನವೂ ಉಳಿಯಲಿಲ್ಲ.

ಹುಲಗಪ್ಪ ಹದಿನೆಂಟು ದಿನ ಒಳಗಿದ್ದು ಜಾಮೀನಿನ ಮೇಲೆ ಹೊರಬಂದ. ಕೇಸು ಇನ್ನೂ ಇದೆ. ಚಾಳಿನ ಮಾಲೀಕ ಖೋಲಿ ಬಿಡಿಸಿದ. ಮಲ್ಲಿಕಾ ಕೂಸಿನೊಂದಿಗೆ ಊರಿಗೆ ಹೋದಳು. ಪ್ರಾರ್ಥನೆಗೆ ಬರುತ್ತಿದ್ದ ಉಳಿದವರು ರಸ್ತೆಯಲ್ಲಿ ಒಬ್ಬರಿಗೊಬ್ಬರು ಎದುರಾದರೂ ನಿಂತು ಮಾತಾಡುವುದಿಲ್ಲ. ನಾಲ್ಕು ಜನ ಒಟ್ಟಿಗೆ ಕಂಡರೆ ಏನಾಗುತ್ತದೋ ಎಂದು ಭಯ. ಹುಲಗಪ್ಪ ಈಗ ಭಾನುವಾರವೂ ಲೋಡಿಂಗಿಗೆ ಹೋಗುತ್ತಾನೆ. ಊಟಕ್ಕೆ ಮುಂಚೆ ಕಣ್ಣು ಮುಚ್ಚುವುದನ್ನೂ ಬಿಟ್ಟಿದ್ದಾನಂತೆ.

ಮೂರು ವಾರ ಕಳೆದ ಮೇಲೆ ದ್ರೌಪದಿ ಕೆಲಸಕ್ಕೆ ಬಂದಳು. ಇನ್ನೆಲ್ಲಿಗೆ ಹೋಗುತ್ತಾಳೆ? ನಾನು ಚಹಾ ಮಾಡಿಕೊಟ್ಟೆ. "ದ್ರೌಪದೀ, ಆ ದಿನ ನಾನು..." ಎಂದೆ.

ಅವಳು ಮಣೆ ಎಳೆದುಕೊಂಡು ಕೂತಳು. "ಪ್ಯಾಜ್ ಕಿತ್ನಾ ಕಾಟ್ನೇ ಕಾ, ಮ್ಯಾಡಮ್?" ಎಷ್ಟು ಈರುಳ್ಳಿ ಹೆಚ್ಚಲಿ ಎಂದು ಹಿಂದಿಯಲ್ಲಿ ಕೇಳಿದಳು.

"ಕನ್ನಡದಲ್ಲಿ ಮಾತಾಡು ಮಾರಾಯ್ತಿ."

"ಆಪ್ಕೋ ಸಮಝ್ತಾ ನಹಿ ನಾ," ಎಂದಳು. ಅದರಲ್ಲಿ ಕೋಪವಾದರೂ ಇದ್ದಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಇರಲಿಲ್ಲ.

"ಆಠ್ ಕಿಲೋ," ಎಂದೆ.