ಉಬ್ಬಿದ್ದನ್ನು ಒತ್ತಬಾರದು

ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬಿದಾಗ ಅದನ್ನು ಒತ್ತಬೇಕೋ ಬಿಡಬೇಕೋ ಎಂಬುದು ಸಿಂಹಾಸನಗಳು ಉರುಳುವಷ್ಟು ಗಹನವಾದ ಪ್ರಶ್ನೆ. ಆದರೂ ಯಾವ ವಿಶ್ವವಿದ್ಯಾಲಯವೂ ಇದುವರೆಗೆ ಅದರ ಮೇಲೆ ಒಂದು ವಿಚಾರಸಂಕಿರಣ ನಡೆಸಿದ್ದಿಲ್ಲ. ಗಬ್ಬೂರ ಬೈಪಾಸಿನ ಹತ್ತಿರ ರೊಟ್ಟಿ ಕೇಂದ್ರ ನಡೆಸುವ ಗುಡ್ಡವ್ವನ ಪಕ್ಷ ಮಾತ್ರ ಸ್ಪಷ್ಟವಾಗಿತ್ತು: ಒತ್ತಬೇಕು. ಮಡಚಿದ ಅರಿವೆಯಿಂದ ಮೆಲ್ಲಗೆ ಒತ್ತಿದರೆ ಹಬೆ ಅಂಚಿನವರೆಗೂ ಹರಿದು ರೊಟ್ಟಿ ಒಳಗೂ ಬೇಯುತ್ತದೆ. ಇಪ್ಪತ್ತೆರಡು ವರ್ಷ, ದಿನಕ್ಕೆ ಮುನ್ನೂರು ರೊಟ್ಟಿ. ಈ ವಿಷಯದಲ್ಲಿ ಅವಳಿಗೆ ಬುದ್ಧಿ ಹೇಳುವ ಗಂಡಸು ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಆದ್ದರಿಂದ ಮಗಳು ರಜನಿಯ ಫೋನು ಉಬ್ಬಿ, ಅದರ ಬೆನ್ನಿನ ಮುಚ್ಚಳ ಬಾಯಿ ಬಿಟ್ಟಾಗ, ಗುಡ್ಡವ್ವ ಅದನ್ನು ಮೊಬೈಲ್ ರಿಪೇರಿಯ ಮಕ್ತುಮಸಾಬನ ಮೇಜಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿಯೇ ತೋರಿಸಿದಳು.

ಮಕ್ತುಮಸಾಬ ಕುರ್ಚಿ ಸಮೇತ ಹಿಂದಕ್ಕೆ ಸರಿದ. “ಯವ್ವಾ, ಕೈ ತಗೀ! ಕೈ ತಗೀಬೇ ಮೊದಲ!”

“ಯಾಕೋ ತಮ್ಮಾ, ಚೇಳು ಕಂಡಂಗ ಮಾಡ್ತಿ? ಒತ್ತಿದ್ರ ಗಾಳಿ ಹೋಗಿ ಕೂಡ್ತೈತಿ.”

“ಅದು ರೊಟ್ಟಿ ಅಲ್ಲಬೇ, ಬ್ಯಾಟರಿ. ಒಳಗ ತುಂಬಿದ್ದು ಹಬಿ ಅಲ್ಲ, ಉರಿಯೋ ಗ್ಯಾಸು. ಒತ್ತಿದ್ರ, ಚುಚ್ಚಿದ್ರ, ಬಡದ್ರ ಭಗ್ ಅಂತ ಹತ್ತತೈತಿ. ಹ್ವಾದ ವರ್ಷ ಹುಬ್ಬು ಸುಟ್ಕೊಂಡೇನಿ, ನೋಡಿಲ್ಲೆ.” ಅವನ ಎಡಹುಬ್ಬು ಅರ್ಧಕ್ಕೇ ನಿಂತಿತ್ತು. “ಎಲ್ಲೆರ ಬಿದ್ದಿತ್ತೇನು ಇದು?”

“ಬಿದ್ದಿಲ್ಲ. ಒಗದಿದ್ರು.”

ಒಗೆದವನು ಅಳಿಯ ಲೋಹಿತ. ಗೂಡ್ಸ್ ಗಾಡಿ ಓಡಿಸುತ್ತಿದ್ದ. ಮದುವೆಯಾದ ಮೂರು ವರ್ಷದಲ್ಲಿ ರಜನಿಯ ಎಡಗೈ ಒಮ್ಮೆ, ಮುಂದಿನ ಹಲ್ಲು ಒಮ್ಮೆ ಮುರಿದಿದ್ದ. ಮಂದಿಗೆ ಹೇಳುವಾಗ ಎರಡೂ ಸಲ ಬಚ್ಚಲಲ್ಲಿ ಕಾಲು ಜಾರಿತ್ತು. ಮೂರನೆಯ ಸಲ ಅವನು ಬೆಲ್ಟು ಬಿಚ್ಚುವುದನ್ನು ಕಂಡ ರಜನಿ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ವಿಡಿಯೋ ಹಚ್ಚಿಟ್ಟಳು. ಆರು ನಿಮಿಷದ ಹೊಡೆತ ಅದರಲ್ಲಿ ಬಂತು. ಏಳನೆಯ ನಿಮಿಷಕ್ಕೆ ಗುಡ್ಡವ್ವನ ಕರೆ ಬಂದು ಫೋನು ಹಾಡತೊಡಗಿತು. ಹಾಡಿನ ನಡುವೆ ಹೊಡೆಯುವುದು ಲೋಹಿತನಿಗೆ ಸರಿಬರಲಿಲ್ಲವೋ ಏನೋ, ಅದನ್ನೆತ್ತಿ ಗೋಡೆಗೆ ಒಗೆದ. ಒಳಗೆ ಏನಿದೆಯೆಂದು ಅವನಿಗೆ ತಿಳಿದಿರಲಿಲ್ಲ.

ಮರುದಿನ ರಜನಿ ಅದೇ ಫೋನು ಹಿಡಿದು ತವರಿಗೆ ಬಂದಳು. ವಿಡಿಯೋವನ್ನು ತಾಯಿಗೆ ಒಂದು ಸಲ ತೋರಿಸಿದಳು. ಯಾರಿಗಾದರೂ ಕಳಿಸಿಡೋಣವೆಂದರೆ ಗುಡ್ಡವ್ವ ಒಪ್ಪಲಿಲ್ಲ. ತನ್ನ ಮಗಳು ಏಟು ತಿನ್ನುವುದು ಕಂಡವರ ಫೋನಿನಲ್ಲಿ ಮೆರವಣಿಗೆ ಹೋಗಬಾರದು. ಆಮೇಲೆ ಚಾರ್ಜಿಗೆ ಹಚ್ಚಿದಾಗೆಲ್ಲ ಫೋನು ಹಂಚಿನಂತೆ ಕಾಯತೊಡಗಿ, ಮೂರನೆಯ ದಿನ ಉಬ್ಬಿ, ಸತ್ತು ಕೂತಿತು.

ನ್ಯಾಯ ಹೇಳಲು ಎರಡೂ ಮನೆಯವರು ಒಪ್ಪಿದ್ದು ಧಾರವಾಡದ ರಮಾಕಾಂತ ಮಾಸ್ತರರನ್ನು. ಲೋಹಿತನಿಗೆ ಸಾಲಿಯಲ್ಲಿ ಕಲಿಸಿದವರು, ಗುಡ್ಡವ್ವನ ರೊಟ್ಟಿ ಹದಿನೈದು ವರ್ಷ ಉಂಡವರು. ರವಿವಾರ ಎಲ್ಲರೂ ಅವರ ಮನೆಯಲ್ಲಿ ಕೂಡುವುದಿತ್ತು. “ಪುರಾವೆ ತೋರಿಸ್ರಿ, ಹುಡುಗಿ ನಿಮ್ಮ ಕಡೆ ಇರ್ಲಿ. ಇಲ್ಲಾಂದ್ರ ಗಂಡನ ಮನಿಗೆ ಹೋಗ್ಲಿ. ಬರೇ ಬಾಯಿಮಾತಿಗೆ ಸಂಸಾರ ಮುರಿಯೂದು ನನ್ನ ಕಡಿಂದ ಆಗೂದಿಲ್ಲ,” ಎಂದಿದ್ದರು. ಕೈ ಆಗಿತ್ತು, ಹಲ್ಲು ಆಗಿತ್ತು. ಮಗಳು ತಿರುಗಿ ಹೋದರೆ ಇನ್ನು ಮುರಿಯಲು ಉಳಿದದ್ದು ಕುತ್ತಿಗೆ ಎಂದು ಗುಡ್ಡವ್ವನಿಗೆ ಗೊತ್ತಿತ್ತು.

“ಇಲ್ಲೇ ಬಿಟ್ಟು ಹೋಗು,” ಎಂದ ಮಕ್ತುಮಸಾಬ. “ನಾಳಿ ಮಧ್ಯಾಹ್ನ ಹೊಸಾ ಬ್ಯಾಟರಿ ಬರ್ತೈತಿ. ಹಾಕಿ ಚಾಲೂ ಮಾಡಿಕೊಡ್ತೇನಿ.”

“ನನ್ನ ಮಗಳ ಜೀವ ಐತಿ ಇದರಾಗ. ನಿನ್ನ ಮೇಜಿನ ಖಣದಾಗ ಹ್ಯಾಂಗ ಬಿಡ್ಲಿ?”

ಮಕ್ತುಮಸಾಬ ನಿಟ್ಟುಸಿರು ಬಿಟ್ಟು ಪಥ್ಯ ಹೇಳಿದ: ಸ್ಟೀಲ್ ಡಬ್ಬಿಯಲ್ಲಿ ಒಣ ಮರಳು ಹಾಕಿ ಅದರಲ್ಲಿ ಮಲಗಿಸಬೇಕು, ಒಲೆಯಿಂದ ದೂರ, ಬಿಸಿಲಿನಿಂದ ದೂರ, ಚಾರ್ಜರಿನಿಂದ ಬಲು ದೂರ. ಹತ್ತಿಕೊಂಡರೆ ಮರಳು ಸುರಿದು ಹೊರಗೆ ಓಡಬೇಕು. ಗುಡ್ಡವ್ವ ಅಂದೇ ಅದನ್ನು ರೊಟ್ಟಿ ಕೇಂದ್ರದ ಹಿತ್ತಲ ಬಾಗಿಲಿನ ಕಟ್ಟೆಯ ಮೇಲೆ, ಬಾಣಂತಿಯನ್ನು ಮಲಗಿಸಿದಷ್ಟು ಜೋಪಾನವಾಗಿ ಮಲಗಿಸಿದಳು.

ಅತ್ತ ರಮಾಕಾಂತ ಮಾಸ್ತರರು ನಿಷ್ಪಕ್ಷಪಾತಿಗಳು. ಒಂದು ಕಡೆಯ ಪುರಾವೆ ಏನೆಂಬುದು ಇನ್ನೊಂದು ಕಡೆಗೂ ಮೊದಲೇ ತಿಳಿದಿರಬೇಕು, ಅದೇ ಧರ್ಮ ಎಂದು ಲೋಹಿತನಿಗೆ ಫೋನು ಮಾಡಿ, ಗುಡ್ಡವ್ವನಿಂದ ಕೇಳಿದಂತೆ ವಿಡಿಯೋ ಇರುವುದನ್ನೂ ಅದು ಆರು ನಿಮಿಷದ್ದೆಂಬುದನ್ನೂ ತಿಳಿಸಿದರು. ಆಮೇಲೆ ಸಮಾಧಾನದಿಂದ ಚಹಾ ಕುಡಿದರು.

ಮರುದಿನ ಶನಿವಾರ, ಹೊಸ ಬ್ಯಾಟರಿ ಬರುವ ಮೊದಲೇ, ಹನ್ನೊಂದಕ್ಕೆ ಲೋಹಿತ ಬಂದ. ಬಾಗಿಲಲ್ಲಿ ಪೇರಿಸಿಟ್ಟಿದ್ದ ನೂರು ರೊಟ್ಟಿಗಳನ್ನು ಒದ್ದು ಒಳಬಂದ. ಹಿಟ್ಟು ನಾದುತ್ತಿದ್ದ ರಜನಿಯ ಹೆರಳನ್ನು ಮುಂಗೈಗೆ ಸುತ್ತಿಕೊಂಡು ಜಗ್ಗಿದ ರಭಸಕ್ಕೆ ಅವಳ ಹಣೆ ಒಲೆಯ ಕಟ್ಟೆಗೆ ಬಡಿದು, ರಕ್ತ ಹಿಟ್ಟಿನ ಪರಾತಕ್ಕೆ ತೊಟ್ಟಿಕ್ಕಿತು.

“ಎಲ್ಲೈತಿ ಫೋನು? ನನ್ನ ಸಿನಿಮಾ ತಗೀತಿ? ಹಾಂ? ಹೀರೋಯಿನ್ ಆಗಾಕಿ ಏನು ನೀ?”

“ಅಳಿಯಂದ್ರ, ಆಕಿನ್ನ ಬಿಡ್ರಿ,” ಎಂದಳು ಗುಡ್ಡವ್ವ. ಅಳಿಯನಿಗೆ ‘ರಿ’ ಹಚ್ಚಿ ಮಾತಾಡುವುದು ಅವಳ ತಾಯಿ ಕಲಿಸಿದ ಪಾಠ. ಕೊಲೆಯ ಹೊತ್ತಿನಲ್ಲೂ ಮರೆಯುವಂಥದ್ದಲ್ಲ. ಹಾಗೆ ಮರ್ಯಾದೆಯಿಂದ ಹೇಳಿದವಳೇ, ರೊಟ್ಟಿ ತಿರುವುವ ಕಾದ ಕಬ್ಬಿಣದ ಪಟ್ಟಿಯನ್ನು ಅವನ ಮೊಣಕೈಗೆ ಬೀಸಿ ಬಾರಿಸಿದಳು. ಚರ್ಮ ಚುರ್ರೆಂದಿತು. ಅವನು ಕೂಗಿ ಹೆರಳು ಬಿಟ್ಟ. ಬಿಟ್ಟ ಕೈಯನ್ನು ರಜನಿ ಕಚ್ಚಿ ಹಿಡಿದಳು, ಇದ್ದಷ್ಟು ಹಲ್ಲುಗಳಿಂದ. ಅವನು ಅವಳ ಕಿವಿಯ ಮೇಲೆ ಎರಡು ಗುದ್ದಿ ಬಿಡಿಸಿಕೊಂಡು, ಅತ್ತೆಯ ಹೊಟ್ಟೆಗೆ ಒದ್ದ. ಗುಡ್ಡವ್ವ ಜೋಳದ ಚೀಲಗಳ ಮೇಲೆ ಮಗುಚಿ ಬಿದ್ದಳು. ಉಸಿರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಅವನು ಹುಡುಕಿದ. ಹಿಟ್ಟಿನ ಡಬ್ಬಿಗಳನ್ನು ಗೋಡೆಗೆ ಬೀಸಿದ, ದೇವರ ಗೂಡಿಗೆ ಕೈ ಹಾಕಿ ಬಳಿದ. ಕಡೆಗೆ ಹಿತ್ತಲ ಕಟ್ಟೆಯ ಮೇಲಿನ ಸ್ಟೀಲ್ ಡಬ್ಬಿ ಕಂಡಿತು. ಮರಳಿನಿಂದ ಫೋನೆಳೆದು, ಡಬ್ಬಿಯನ್ನು ಅಲ್ಲೇ ಒಗೆದು ಒಳಗೆ ಬಂದ.

“ಅದನ್ನ ಮುಟ್ಟಬ್ಯಾಡ್ರಿ,” ಗುಡ್ಡವ್ವ ಚೀಲ ಹಿಡಿದು ಏಳುತ್ತ ಅಂದಳು. “ಅದು ಉಬ್ಬೈತ್ರಿ.”

“ನೀನೂ ಉಬ್ಬೀದಿ, ಮುದುಕಿ. ಇದನ್ನ ಮುಗಿಸಿ ನಿನ್ನ ಕಡೆ ಬರ್ತೇನಿ, ನಿಂದ್ರು.”

ಚಟ್ನಿ ಅರೆಯುವ ಕಲ್ಲಿನ ಮೇಲೆ ಫೋನಿಟ್ಟು, ಎಡಗೈಯಿಂದ ಅದುಮಿ ಹಿಡಿದು, ಬಲಗೈಯಲ್ಲಿ ಗುಂಡುಕಲ್ಲು ಎತ್ತಿದ.

“ಹೊಡೀಬ್ಯಾಡ್ರಿ! ಬೆಂಕಿ ಹತ್ತತೈತ್ರಿ ಅದು! ರಿಪೇರಿ ಮಾಡಾಂವ ಹೇಳ್ಯಾನ್ರಿ!”

“ಸುಳ್ಳು ಹೇಳೂದ್ರಾಗ ತಾಯಿ-ಮಗಳು ಒಂದ ತೂಕ.”

ಬೆಂಕಿಯ ಮಾತನ್ನು ಗುಡ್ಡವ್ವ ಫೋನು ಉಳಿಸಲು ಹೇಳಿದ್ದಳೇ ಹೊರತು ಅವನನ್ನು ಉಳಿಸಲು ಅಲ್ಲ. ಆದರೂ ಮಾತು ಖರೇ ಇತ್ತು. ಖರೇ ಮಾತಿನ ದುರದೃಷ್ಟವೇ ಅದು, ಯಾರು ಹೇಳಿದರು ಎಂದು ನೋಡಿ ಜನ ನಂಬುತ್ತಾರೆ.

ಮೊದಲ ಏಟಿಗೆ ಗಾಜು ಹೋಯಿತು.

“ಹೊಡೀಬ್ಯಾಡೋ ಹುಚ್ಚಾ!” ಎಂದು ಗುಡ್ಡವ್ವ ಚೀರಿದಳು. ಮೂರು ವರ್ಷದಲ್ಲಿ ‘ರಿ’ ಬಿಟ್ಟದ್ದು ಅದೇ ಮೊದಲು.

ಎರಡನೆಯ ಏಟಿಗೆ ಕುಕ್ಕರ್ ಸೀಟಿಯಂಥ ಸದ್ದು ಬಂತು; ಬಿಳಿ ಹೊಗೆ ನುಗ್ಗಿತು; ಹಿಂದೆಯೇ ಮೊಳದುದ್ದದ ಬೆಂಕಿ. ಲೋಹಿತ ಕೈ ಎಳೆದುಕೊಂಡ, ಫೋನು ಕೈಯೊಂದಿಗೇ ಬಂತು. ಕರಗಿದ ಪ್ಲಾಸ್ಟಿಕ್ಕು ಅಂಗೈಗೆ ಅಂಟಿತ್ತು. ಕೊಡವಿದ, ಗೋಡೆಗೆ ಬಡಿದ, ತೊಡೆಗೆ ಒರೆಸಿದ. ಒರೆಸಿದಲ್ಲಿ ಪ್ಯಾಂಟು ಹತ್ತಿತು, ತೋಳಿಗೆ ಅಂಗಿ ಹತ್ತಿತು. ಗೋಡೆಯಿಂದ ಗೋಡೆಗೆ ಡಿಕ್ಕಿ ಹೊಡೆಯುತ್ತ ಅವನು “ಅವ್ವಾ, ಅವ್ವಾ” ಎಂದು ಒದರಿದ. ಅವನ ಅವ್ವ ಅಲ್ಲಿರಲಿಲ್ಲ. ಇದ್ದವಳು ರಜನಿಯ ಅವ್ವ.

ಗುಡ್ಡವ್ವ ಮೊದಲು ಗ್ಯಾಸು ಬಂದ್ ಮಾಡಿದಳು. ಆಮೇಲೆ ಹಂಚಿನ ಮೇಲಿದ್ದ ರೊಟ್ಟಿ ತೆಗೆದಳು, ಸೀಯುತ್ತಿತ್ತು. ಆಮೇಲೆ ಮಗಳನ್ನು ಹೊರಗೆ ನೂಕಿದಳು. ಆಮೇಲೆ ನೀರಿನ ಕೊಡ ಎತ್ತಿ ಅಳಿಯನ ಮೇಲೆ ಸುರಿದಳು. ಕೈಯಿಂದ ಕಳಚಿ ಬಿದ್ದು ಉರಿಯುತ್ತಿದ್ದ ಫೋನಿನ ಮೇಲೆ, ಹಿತ್ತಲಲ್ಲಿ ಚೆಲ್ಲಿದ್ದ ಮರಳು ಬಾಚಿ ತಂದು ಸುರಿದಳು.

ಇಷ್ಟಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಆಮೇಲೆ ಬಂದ ಪೊಲೀಸರು ಕೇಳಿದರು.

“ಒಂದು ರೊಟ್ಟಿ ಬೇಯೂವಷ್ಟ್ರಿ ಸಾಹೇಬ್ರ,” ಎಂದಳು.

ಕರಕಲಾದ ಫೋನನ್ನು ಮಕ್ತುಮಸಾಬ ಚಿಮುಟದಿಂದ ಮಗುಚಿ ನೋಡಿ ತಲೆಯಲ್ಲಾಡಿಸಿದ. “ಏನೂ ಉಳದಿಲ್ಲಬೇ ಇದರಾಗ.”

ಸತ್ತೂರಿನ ಆಸ್ಪತ್ರೆಯಿಂದ ಲೋಹಿತ ಹೊರಬೀಳಲು ಮೂರು ವಾರ ಬೇಕಾಯಿತು. ನಾಲ್ಕನೆಯ ರವಿವಾರ ಮಾಸ್ತರರ ಪಡಸಾಲೆಯಲ್ಲಿ ಎಲ್ಲರೂ ಕೂಡಿದರು. ಲೋಹಿತನ ಎಡಗೈಗೆ ಸುತ್ತಿದ ಬಟ್ಟೆ ಒಂದು ಗಂಟಿನಷ್ಟಿತ್ತು. ರಜನಿಯ ಹಣೆಗೆ ಏಳು ಹೊಲಿಗೆ ಬಿದ್ದಿದ್ದವು. ಈ ಸಲ ಕಾಲು ಜಾರಿದ್ದು ರೊಟ್ಟಿ ಕೇಂದ್ರದಲ್ಲಿ ಎಂದು ಲೋಹಿತ ಹೇಳಿದ. ತಾನು ಕಲ್ಲಿನಿಂದ ಜಜ್ಜಿದ ಫೋನಿನಲ್ಲಿ ಅತ್ತೆ ಬಾಂಬಿಟ್ಟು ತನ್ನನ್ನು ಕೊಲ್ಲಲು ನೋಡಿದಳು ಎಂದೂ ಹೇಳಿದ.

“ವಿಡಿಯೋ ತೋರ್ಸ್ರಿ ಗುಡ್ಡವ್ವಾರ,” ಎಂದರು ಮಾಸ್ತರರು.

“ಸುಟ್ಟು ಹೋತ್ರಿ ಸರ್.”

“ವಿಡಿಯೋ ಅನ್ನೂದ ಸುಳ್ಳ್ರಿ ಸರ್,” ಲೋಹಿತ ಎದ್ದು ನಿಂತು ನಡುವೆ ಬಾಯಿ ಹಾಕಿದ. “ಆ ಫೋನಿನ್ಯಾಗ ಏನೂ ಇರಲಿಲ್ಲ.”

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. “ಏನೂ ಇರಲಿಲ್ಲ?”

“ಏನೂ ಇರಲಿಲ್ರಿ.”

“ಹಂಗಾರ ಕಲ್ಲು ತಗೊಂಡು ಯಾಕ ಜಜ್ಜಿದೀಪಾ?”

ಲೋಹಿತ ಬಾಯಿ ತೆರೆದ. ತೆರೆದ ಬಾಯಿಯನ್ನು ಅವನ ಕಡೆಯವರೆಲ್ಲ ನೋಡಿದರು. ಗುಡ್ಡವ್ವನ ನಾಲಿಗೆಯ ತುದಿಗೆ ಹತ್ತು ಮಾತು ಬಂದಿದ್ದವು. ಉಬ್ಬಿದ್ದನ್ನು ಈ ಸಲ ಅವಳು ಒತ್ತಲಿಲ್ಲ.

“ಸಾಲ್ಯಾಗೂ ನೀ ಹಿಂಗ ನಿಂದ್ರತಿದ್ದಿ,” ಎಂದರು ಮಾಸ್ತರರು, ಕನ್ನಡಕ ಏರಿಸಿಕೊಳ್ಳುತ್ತ. “ಕೂತ್ಕೋ.”

ರಜನಿ ಗಂಡನ ಮನೆಗೆ ಹೋಗಲಿಲ್ಲ. ಪೊಲೀಸರು ಲೋಹಿತನ ಮೇಲೆ ಕೇಸು ಹಾಕಿದರು. ಅವನ ಎಡಗೈಯ ಎರಡು ಬೆರಳು ಮಡಚುವುದಿಲ್ಲ.